ಹಳದಿ ಎಲೆಯ ಬೆನ್ನುಹತ್ತಿ: ಕಕ್ಕಡದಿಂದ ಹುತ್ತರಿವರೆಗೆ ಹೂಪಾತಿಯ ದಿನಚರಿ

ಹಾಲಿಹಾಕ್, ಗೈಲಾರ್ಡಿಯಾ, ಜರ್ಬೆರಾ. ಮೂರೂ ಬಹುವಾರ್ಷಿಕ ಎನಿಸಿಕೊಂಡಿದ್ದರೂ ಎರಡು ಮೂರು ವರ್ಷಕ್ಕೆ ಸೊರಗುವ ಗಿಡಗಳು. ಮಡಿಕೇರಿ ಸುತ್ತಮುತ್ತ ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಸುರಿಯುವ ಮಳೆಯಲ್ಲಿ ಆ ಆಯಸ್ಸೂ ಮೊಟಕಾಗುತ್ತದೆ. ಎಲೆ ಕೆಟ್ಟಾಗ ಅದು ವಯಸ್ಸೋ, ರೋಗವೋ, ಹಸಿವೋ ಎಂದು ಬಿಡಿಸಿ ನೋಡುವುದೇ ಈ ವರ್ಷ ನಾನು ಹಿಡಿದ ಕೆಲಸ. ಕೊಡಗಿನ ಮಳೆಗಾಲದ ಕಕ್ಕಡ ತಿಂಗಳಿಂದ (ಜುಲೈ–ಆಗಸ್ಟ್), ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬ ದಾಟಿ, ನವೆಂಬರ್–ಡಿಸೆಂಬರಿನ ಸುಗ್ಗಿ ಹಬ್ಬ ಹುತ್ತರಿವರೆಗಿನ ಲೆಕ್ಕ ಇದು.

ಕಕ್ಕಡ

ಗೈಲಾರ್ಡಿಯಾದ ಮಾತು ಬೇಗ ಮುಗಿಯುತ್ತದೆ. ಉತ್ತರ ಅಮೆರಿಕದ ಒಣ ಹುಲ್ಲುಗಾವಲಿನ ಕುಲ ಅದು. ಸಮತಟ್ಟು ಪಾತಿಯಲ್ಲಿದ್ದವು ಮಣ್ಣು ತೊಯ್ದು ತೊಪ್ಪೆಯಾಗಿದ್ದಾಗಲೇ ಬಾಡಿದವು. ನೆಲದಲ್ಲಿ ಅಷ್ಟು ನೀರಿದ್ದೂ ಗಿಡ ಬಾಡಿತೆಂದರೆ ಸಾಮಾನ್ಯವಾಗಿ ಬೇರು ಕೊಳೆತಿದೆ ಎಂದೇ ಅರ್ಥ, ಮತ್ತೆ ನೀರು ಕೊಟ್ಟರೆ ಉಳಿದ ಬೇರೂ ಹೋಗುತ್ತದೆ. ಬರೆಯ, ಅಂದರೆ ದಿಬ್ಬದ, ಮೇಲಿನ ಇಳಿಜಾರಿನಲ್ಲಿ ಮರಳು ಬೆರೆಸಿ ನೆಟ್ಟವು ಉಳಿದಿವೆ. ಅವಕ್ಕೆ ಗೊಬ್ಬರ ಹೆಚ್ಚು ಹಾಕಲಿಲ್ಲ. ಹಾಕಿದರೆ ಸೊಪ್ಪು ಬೆಳೆದು ಗಿಡ ಮಗುಚುತ್ತದೆ, ಹೂವು ಕಡಿಮೆಯಾಗುತ್ತದೆ.

ಹಾಲಿಹಾಕ್‌ನ ಕೆಳಗಿನ ಎಲೆಗಳ ಮೇಲೆ ಹಳದಿ ಚುಕ್ಕಿ, ಮಗುಚಿ ನೋಡಿದರೆ ಕಿತ್ತಳೆ ಮಿಶ್ರಿತ ಕಂದು ಗುಳ್ಳೆಗಳು. ಪಕ್ಕದ ತೋಟದ ಮಾವ ನೋಡಿದವರೇ, “ಇದು ನಿಮ್ಮ ಕಾಫಿಯ ತುಕ್ಕು, ಅಲ್ಲಿಂದ ಹಾರಿ ಬಂದದ್ದು” ಎಂದರು. ನಮ್ಮ ಕಡೆ ಎಲ್ಲರಿಗೂ ಮೊದಲು ಬರುವ ಅನುಮಾನ ಅದೇ. ಆದರೆ ಕಾಫಿಯ ತುಕ್ಕು ಹೆಮಿಲಿಯಾ ಎಂಬ ಶಿಲೀಂಧ್ರ, ಅದಕ್ಕೆ ಕಾಫಿಯೇ ಬೇಕು. ಇದು ಪಕ್ಸೀನಿಯಾ ಮಾಲ್ವಸಿಯೇರಮ್, ದಾಸವಾಳದ ಕುಟುಂಬದ ಗಿಡಗಳನ್ನು ಹಿಡಿಯುವಂಥದ್ದು. ಹೆಸರು ಒಂದೇ ತುಕ್ಕು, ಒಂದರಿಂದ ಇನ್ನೊಂದಕ್ಕೆ ಅಂಟುವುದಿಲ್ಲ. ಕಾಫಿಗೆ ಹೊಡೆಯುವ ಬೋರ್ಡೋ ದ್ರಾವಣ ಮಾತ್ರ ಇದಕ್ಕೂ ಆಗುತ್ತದೆ: ಹತ್ತು ಲೀಟರ್ ನೀರಿಗೆ 100 ಗ್ರಾಂ ಮೈಲುತುತ್ತು (ತಾಮ್ರದ ಸಲ್ಫೇಟ್), 100 ಗ್ರಾಂ ಸುಣ್ಣ. ಬೇರೆ ಬೇರೆ ಕರಗಿಸಿ, ಸುಣ್ಣದ ನೀರಿಗೆ ತುತ್ತದ ನೀರು ಸುರಿಯಬೇಕು. ಉಜ್ಜಿದ ಕತ್ತಿಯ ಅಲಗು ಅದ್ದಿದಾಗ ತಾಮ್ರದ ಕೆಂಪು ಅಂಟಿದರೆ ಇನ್ನಷ್ಟು ಸುಣ್ಣ ಬೇಕು. ಇದು ರೋಗ ಬರುವ ಮೊದಲಿನ ಕಾವಲು, ಬಂದ ಗುಳ್ಳೆಯನ್ನು ಮಾಯಿಸುವುದಿಲ್ಲ. ಹಾಗಾಗಿ ರೋಗ ಹಿಡಿದ ಎಲೆಗಳನ್ನು ಕಿತ್ತು ಸುಟ್ಟೆ, ಮಳೆ ಹೊಳವಾದ ದಿನ ಉಳಿದವುಗಳ ಅಡಿಭಾಗಕ್ಕೆ ಸಿಂಪಡಿಸಿದೆ.

ಕೈಲ್‌ಪೊಳ್ದ್ ಕಳೆದ ಮೇಲೆ

ಈ ವರ್ಷ ನನ್ನ ತಲೆ ತಿಂದದ್ದು ಜರ್ಬೆರಾ. ಎರಡು ಸಾಲು ಇವೆ, ಒಂದು ಮನೆಯ ಗೋಡೆಯ ಬುಡದಲ್ಲಿ, ಇನ್ನೊಂದು ತೋಟದ ಅಂಚಿನಲ್ಲಿ. ಎರಡರಲ್ಲೂ ಎಲೆ ಹಳದಿ, ನರ ಮಾತ್ರ ಹಸಿರು. ದೂರದಿಂದ ನೋಡಿದರೆ ಒಂದೇ ಕಾಯಿಲೆ. ಹತ್ತಿರ ಕೂತು ಯಾವ ಎಲೆ ಎಂದು ನೋಡಿದಾಗ ಬೇರೆಯಾಯಿತು. ತೋಟದಂಚಿನಲ್ಲಿ ಹಳೆಯ, ಹೊರಸುತ್ತಿನ ಎಲೆಗಳು. ಗೋಡೆಯ ಬುಡದಲ್ಲಿ ನಡುವಿನಿಂದ ಆಗಷ್ಟೇ ಬಿಚ್ಚಿದ ಎಳೆಯ ಎಲೆಗಳು.

ಮೆಗ್ನೀಸಿಯಂ ಗಿಡದೊಳಗೆ ಓಡಾಡುತ್ತದೆ, ಕೊರತೆಯಾದಾಗ ಗಿಡ ಹಳೆ ಎಲೆಯಿಂದ ಕಿತ್ತು ಹೊಸದಕ್ಕೆ ಕೊಡುತ್ತದೆ. ಕಬ್ಬಿಣ ಹಾಗೆ ಸುಲಭವಾಗಿ ಹೊರಡುವುದಿಲ್ಲ, ಆದ್ದರಿಂದ ಅದರ ಕೊರತೆ ಕಾಣುವುದು ಚಿಗುರಿನಲ್ಲಿ. ನಮ್ಮ ಹುಳಿ ಮಣ್ಣಿನಿಂದ ಮೆಗ್ನೀಸಿಯಂ ಮಳೆಗೆ ತೊಳೆದು ಹೋಗುವುದು ಸಹಜ. ಆದರೆ ಕಬ್ಬಿಣ ತುಂಬಿದ ಈ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಕೊರತೆ ಏಕೆ? ಗೋಡೆಯ ಬುಡದ ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ, ಏಳಕ್ಕಿಂತ ಕಡಿಮೆಯಾದರೆ ಹುಳಿ) ನೋಡಿದೆ, ಏಳು ದಾಟಿತ್ತು. ಸಿಮೆಂಟ್ ಪುಡಿ, ಗೋಡೆಗೆ ಬಳಿದ ಸುಣ್ಣ ಎಲ್ಲ ಅಲ್ಲಿಗೇ ಇಳಿದಿದೆ. ಜರ್ಬೆರಾಕ್ಕೆ ಬೇಕಾದದ್ದು 5.5ರಿಂದ 6.5. ಅದನ್ನು ಮೀರಿದರೆ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ದಕ್ಕುವುದಿಲ್ಲ.

ಇದನ್ನು ಇಷ್ಟು ಬಿಡಿಸಿ ಬರೆಯಲು ಕಾರಣವಿದೆ. ಹಳದಿ ಕಂಡ ಕೂಡಲೇ ಡೋಲೋಮೈಟ್ (ಒಂದು ಬಗೆಯ ಸುಣ್ಣಕಲ್ಲಿನ ಪುಡಿ) ಎರಚುವುದು ತೋಟದವರ ಕೈಗೆ ಬಂದ ಅಭ್ಯಾಸ. ಮೆಗ್ನೀಸಿಯಂ ಇರುವುದರಿಂದ ತೋಟದಂಚಿನ ಸಾಲಿಗೆ ಅದು ಸರಿಯಾದ ಮದ್ದು. ಅದನ್ನೇ ಗೋಡೆಯ ಸಾಲಿಗೆ ಹಾಕಿದರೆ ಪಿಎಚ್ ಇನ್ನೂ ಏರಿ ಚಿಗುರು ಬಿಳಿಚಿಕೊಳ್ಳುತ್ತದೆ. ಅಂಚಿನ ಸಾಲಿಗೆ ಡೋಲೋಮೈಟ್ ಜೊತೆಗೆ ಎಲೆಗೆ ಎಪ್ಸಂ ಸಾಲ್ಟ್ (ಮೆಗ್ನೀಸಿಯಂ ಸಲ್ಫೇಟ್), ಲೀಟರಿಗೆ 10 ಗ್ರಾಂನಂತೆ, ಸಿಂಪಡಿಸಿದೆ. ಗೋಡೆಯ ಸಾಲನ್ನು ಕಿತ್ತು, ಬುಡ ಬಿಡಿಸಿ, ಕಾಡುಮಣ್ಣು ಮತ್ತು ಕೊಳೆತ ಕಾಫಿ ಸಿಪ್ಪೆ ತುಂಬಿದ ಕುಂಡಗಳಿಗೆ ದಾಟಿಸಿದೆ. ಜರ್ಬೆರಾದ ಸುಳಿ ಮಣ್ಣಿನ ಮಟ್ಟಕ್ಕಿಂತ ತುಸು ಮೇಲೇ ಇರಬೇಕು. ಮಳೆಯ ಹನಿಗೆ ಸಿಡಿದ ಮಣ್ಣು ಸುಳಿಯಲ್ಲಿ ಕೂತರೂ ಕೊಳೆಯುತ್ತದೆ, ಬೆರಳಿನಿಂದ ಸರಿಸಿ ಬಿಡುವುದು ಒಳ್ಳೆಯದು.

ಹುತ್ತರಿ

ಕುಂಡಗಳಲ್ಲಿ ಹೊಸ ಎಲೆಗಳು ಪೂರ್ತಿ ಹಸಿರು ಬಂದಿವೆ. ನೋಡಿದಾಗಲೆಲ್ಲ ಖುಷಿಯಾಗುತ್ತದೆ. ಅಂಚಿನ ಸಾಲಿನ ಹಳೆ ಎಲೆಗಳ ಹಳದಿ ಹೋಗಿಲ್ಲ, ಆದರೆ ಮೇಲಿನ ಸುತ್ತಿಗೆ ಹತ್ತಿಲ್ಲ. ನನಗೆ ಅಷ್ಟು ಸಾಕು.

ಹಾಲಿಹಾಕ್‌ನ ಹಳೆ ಬುಡಗಳನ್ನು ಉಳಿಸಿಕೊಳ್ಳುವ ಯೋಚನೆ ಬಿಟ್ಟಿದ್ದೇನೆ. ತುಕ್ಕು ಆ ಕಾಂಡ, ಎಲೆಗಳಲ್ಲೇ ಉಳಿದು ಮುಂದಿನ ಮಳೆಗೆ ಮತ್ತೆ ಏಳುತ್ತದೆ. ಮಳೆ ಇಳಿದಾಗ ಕಾಫಿ ಸಸಿಯ ಪ್ಲಾಸ್ಟಿಕ್ ತೊಟ್ಟೆಗಳಲ್ಲಿ ಹಾಕಿದ್ದ ಬೀಜ ಮೊಳೆತು, ಸಸಿಗಳು ಈಗ ಗೇಣುದ್ದ ಇವೆ. ಬೀಜ ಹಾಕುವ ಮೊದಲು ಸಿಪ್ಪೆ, ಹೊಟ್ಟು ಎಲ್ಲ ಆರಿಸಿ ತೆಗೆದಿದ್ದೆ, ತುಕ್ಕು ಅದರಲ್ಲೂ ಬರುತ್ತದೆ. ಹಳೆಯ ಪಾತಿಯಿಂದ ದೂರ, ಬೆಳಗಿನ ಬಿಸಿಲು ಬೇಗ ತಾಗಿ ಇಬ್ಬನಿ ಆರುವ ಜಾಗ ನೋಡಿಟ್ಟಿದ್ದೇನೆ. ಕಾಫಿ ಕೊಯ್ಲಿಗೆ ಆಳುಗಳು ಬರುವ ಮೊದಲು ಅಲ್ಲಿಗೆ ಅಗಲ ಬಿಟ್ಟು ನೆಡಬೇಕು.