ಪಾಠಕ್ಕೆ ಮುಂಚಿನ ಎರಡು ನಿಮಿಷ

ನಮ್ಮ ಗಣಿತದ ಮೇಡಂ ಕ್ಲಾಸಿಗೆ ಬಂದ ತಕ್ಷಣ ಹಾಜರಿ ಕೂಗುತ್ತಿರಲಿಲ್ಲ. ಕೈಗಡಿಯಾರ ಬಿಚ್ಚಿ ರಿಜಿಸ್ಟರ್ ಮೇಲಿಟ್ಟು, "ಎರಡು ನಿಮಿಷ ಸುಮ್ನೆ ಕೂತ್ಕೊಳ್ಳಿ" ಎನ್ನುತ್ತಿದ್ದರು. ಮಂತ್ರ ಇಲ್ಲ, ಶ್ಲೋಕ ಇಲ್ಲ. ನಂಬುವವರು ದೇವರನ್ನು ನೆನೆಯಬಹುದು, ನಂಬದವರು ಉಸಿರನ್ನು ಗಮನಿಸಬಹುದು, ಅಷ್ಟೇ.

ಆಗ ನನಗೆ ಭಕ್ತಿ ಜಾಸ್ತಿ ಇತ್ತು. ಆದರೆ ಅದೆಲ್ಲ ಒಂಥರಾ ವ್ಯಾಪಾರ. ಇಷ್ಟು ಅಂಕ ಕೊಡು, ಹೀಗೆ ನಡೆದುಕೊಳ್ಳುತ್ತೇನೆ ಅಂತ ಪರೀಕ್ಷೆಯ ಹಿಂದಿನ ರಾತ್ರಿ ದೇವರಿಗೆ ಮಾತು ಕೊಡುತ್ತಿದ್ದೆ. ಎರಡನೇ ವರ್ಷ ಗಣಿತದಲ್ಲಿ ಫೇಲಾದೆ. ಅಂಕ ಹೋದದ್ದಕ್ಕಿಂತ, ದೇವರೇ ಕೈಬಿಟ್ಟ, ನಾನೇನೋ ತಪ್ಪು ಮಾಡಿದ್ದೇನೆ ಅನ್ನುವುದೇ ಒಳಗೊಳಗೆ ಕೊರೆಯತೊಡಗಿ, ವಾರಗಟ್ಟಲೆ ಪುಸ್ತಕ ಮುಟ್ಟಲಿಕ್ಕೇ ಆಗಲಿಲ್ಲ. ಮೇಡಂ ಹತ್ತಿರ ಅತ್ತುಕೊಂಡು ಹೇಳಿದೆ. ಅವರು ನನ್ನ ಉತ್ತರಪತ್ರಿಕೆ ತೆಗೆದು, ಮೂರನೇ ಪುಟದಲ್ಲಿ ನಾನು ಮೈನಸ್ ಬಿಟ್ಟಿದ್ದ ಜಾಗದ ಮೇಲೆ ಬೆರಳಿಟ್ಟು, "ಇದು ಶಿಕ್ಷೆ ಅಲ್ಲಮ್ಮ, ಬಿಟ್ಟುಹೋದ ಮೈನಸ್ಸು" ಅಂದರು. ಅಲ್ಲಿಂದ ಕೆಳಗಿನ ಸಾಲುಗಳೆಲ್ಲ ತಪ್ಪುತ್ತಾ ಹೋಗಿದ್ದವು.

ಆಮೇಲೆ ಮನಶ್ಶಾಸ್ತ್ರ ಓದುವಾಗ ಈ ಮಾತು ಮತ್ತೆ ಸಿಕ್ಕಿತು. ಧರ್ಮವನ್ನು ಏನನ್ನೋ ಪಡೆಯಲು ಬಳಸುವವರೂ ಇದ್ದಾರೆ, ಅದನ್ನೇ ಬದುಕುವವರೂ ಇದ್ದಾರೆ ಅಂತ ಗಾರ್ಡನ್ ಆಲ್‌ಪೋರ್ಟ್ 1967ರಷ್ಟು ಹಿಂದೆಯೇ ಬರೆದಿದ್ದರು. ಕೆನೆತ್ ಪಾರ್ಗಮೆಂಟ್ ಅವರ ಅಧ್ಯಯನಗಳು ಇನ್ನೂ ಹತ್ತಿರ ಬಂದವು: ಕಷ್ಟದಲ್ಲಿ ದೇವರು ಜೊತೆಗಿದ್ದಾನೆ ಅಂದುಕೊಂಡವರು ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತಾರೆ, ದಂಡಿಸುತ್ತಿದ್ದಾನೆ ಅಂದುಕೊಂಡವರು ಇನ್ನಷ್ಟು ಕುಗ್ಗುತ್ತಾರೆ. ನಾನು ಎರಡನೇ ಸಾಲಿನಲ್ಲಿ ನಿಂತಿದ್ದೆ. ಹಾಗಾಗಿ ಅಧ್ಯಾತ್ಮ ಇದ್ದರೆ ಸಾಕು, ಎಲ್ಲ ಒಳ್ಳೆಯದಾಗುತ್ತದೆ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಎಂಥ ಅಧ್ಯಾತ್ಮ ಅನ್ನುವುದು ಮುಖ್ಯ ಅಲ್ವಾ?

ಆ ಎರಡು ನಿಮಿಷ ನನಗೆ ಅಂಕ ತಂದುಕೊಡಲಿಲ್ಲ, ಓದಲು ಕೂರುವ ಶಕ್ತಿ ಕೊಟ್ಟಿತು. ಉಸಿರು ಎಳೆದುಕೊಳ್ಳುವಾಗ ಎದೆಬಡಿತ ಸ್ವಲ್ಪ ಚುರುಕಾಗುತ್ತದೆ, ಬಿಡುವಾಗ ನಿಧಾನವಾಗುತ್ತದೆ. ಬಿಡುವ ಉಸಿರನ್ನು ಉದ್ದ ಮಾಡಿದರೆ ಮೈ ತಾನಾಗಿ ತಣ್ಣಗಾಗುತ್ತದೆ. ಇದಕ್ಕೆ ನಂಬಿಕೆಯೂ ಬೇಕಿಲ್ಲ.

ಕೆಲಸಕ್ಕೆ ಸೇರಿದ ಮೇಲೆ ಇದೇ ಉಪಾಯ ಬೇರೆಯವರ ಕೈಯಲ್ಲಿ ಕೆಡುವುದನ್ನೂ ನೋಡಿದೆ. ರಾತ್ರಿ ಹತ್ತರವರೆಗೆ ದುಡಿಸಿ, ಬೆಳಗ್ಗೆ ಧ್ಯಾನದ ತರಗತಿ ಇಡುತ್ತಾರೆ. ತಾಳಲಾರದ ಕೆಲಸದ ಒತ್ತಡ ದಿನಾ ಮುಂದುವರಿದರೆ ಬರುವ ಬಳಲಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೆಲಸದ ಜಾಗಕ್ಕೇ ಸಂಬಂಧಿಸಿದ್ದು ಎಂದು ವಿವರಿಸಿದೆ. ಅದನ್ನು ನೌಕರರ ಉಸಿರಾಟದಿಂದ ಮಾತ್ರ ಸರಿಮಾಡಲು ಹೊರಡುವುದು ಅನ್ಯಾಯ.

ಕಳೆದ ತಿಂಗಳು ನಾನು ಕಳಿಸಿದ ಲೆಕ್ಕ ತಾಳೆಯಾಗಲಿಲ್ಲ. ಮೀಟಿಂಗ್‌ನಲ್ಲಿ ಎಲ್ಲರೂ ನನ್ನ ಕಡೆ ತಿರುಗಿದರು. ಅಂಗೈ ತಣ್ಣಗಾಯಿತು, ಹಳೆಯ ಭಯ ಎದ್ದಿತು. ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು ಒಂದು ಉದ್ದ ಉಸಿರು ಬಿಟ್ಟೆ. ಆಮೇಲೆ ಮೊದಲಿಂದ ಒಂದೊಂದೇ ಸಾಲು ನೋಡುತ್ತಾ ಬಂದೆ. ತಪ್ಪು ಏಳನೇ ಸಾಲಿನಲ್ಲಿತ್ತು.