29-4: ಫೆನ್‌ವೇ ಪಾರ್ಕ್ ನೋಡಲು ಹೋದದ್ದು

ಬಾಸ್ಟನ್‌ಗೆ ಹೋದವರು ಹಾರ್ವರ್ಡ್ ನೋಡುತ್ತಾರೆ, ಬಂದರಿನ ಬದಿಯಲ್ಲಿ ಅಡ್ಡಾಡುತ್ತಾರೆ. ನನಗೆ ಫೆನ್‌ವೇ ಪಾರ್ಕ್ ನೋಡಲೇಬೇಕಿತ್ತು. 1950ರ ಜೂನ್ 8ರಂದು ಅಲ್ಲಿ ನಡೆದ ಒಂದು ಬೇಸ್‌ಬಾಲ್ ಪಂದ್ಯ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಬಾಸ್ಟನ್ ರೆಡ್ ಸಾಕ್ಸ್ 29, ಸೇಂಟ್ ಲೂಯಿಸ್ ಬ್ರೌನ್ಸ್ 4. ಐದಾರು ರನ್ ಬಂದರೆ ಗೆಲುವು ಹತ್ತಿರ ಅನ್ನಿಸುವ ಆಟ ಇದು. ಅದರಲ್ಲಿ 29!

ಗ್ರೀನ್ ಲೈನ್ ರೈಲು ಹತ್ತಿ ಕೆನ್‌ಮೋರ್‌ನಲ್ಲಿ ಇಳಿದರೆ ಸ್ವಲ್ಪವೇ ನಡಿಗೆ. ಕೆಂಪು ಇಟ್ಟಿಗೆಯ ಕಟ್ಟಡ, ಶುರುವಾದದ್ದು 1912ರಲ್ಲಿ. ಟಿಕೆಟ್ ತಗೊಂಡರೆ ಗೈಡ್ ಒಳಗೆಲ್ಲ ಸುತ್ತಿಸುತ್ತಾರೆ. ಒಳಗೆ ಕಾಲಿಟ್ಟ ಕೂಡಲೇ ಕಣ್ಣಿಗೆ ಬೀಳುವುದು ಎಡಗಡೆಯ ಆ ಹಸಿರು ಗೋಡೆ, ಗ್ರೀನ್ ಮಾನ್ಸ್ಟರ್. ಎತ್ತರ 37 ಅಡಿ. ಬ್ಯಾಟರ್ ನಿಲ್ಲುವ ಜಾಗದಿಂದ ಎಡತುದಿಗೆ 310 ಅಡಿ ಅಷ್ಟೇ. ಚೆಂಡು ತಗುಲಿ ಬಿದ್ದ ತಗ್ಗುಗಳು ಗೋಡೆಯ ಮೇಲೆ ಕಾಣುತ್ತವೆ. ಗೋಡೆಗೆ ಒಂದು ಏಣಿಯೂ ಅಂಟಿಕೊಂಡಿದೆ. ಹಿಂದೆ ಗೋಡೆಯ ಮೇಲೆ ಬಲೆ ಇತ್ತು. ಅದರಲ್ಲಿ ಸಿಕ್ಕಿಕೊಂಡ ಹೋಂ ರನ್ (ಗೋಡೆ ದಾಟುವ ಹೊಡೆತ, ಕ್ರಿಕೆಟ್‌ನ ಸಿಕ್ಸರ್ ಥರ) ಚೆಂಡುಗಳನ್ನು ತೆಗೆಯಲು ಮೈದಾನದ ಕೆಲಸಗಾರರು ಈ ಏಣಿ ಹತ್ತುತ್ತಿದ್ದರು. ಬಲೆ ಈಗಿಲ್ಲ, 2003ರಲ್ಲಿ ಅಲ್ಲಿ ಸೀಟು ಹಾಕಿದರು. ಏಣಿ ಹಾಗೇ ಉಳಿದಿದೆ.

ಗೋಡೆಯ ಬುಡದಲ್ಲೇ ಸ್ಕೋರ್‌ಬೋರ್ಡ್. ಇವತ್ತಿಗೂ ಒಳಗೆ ಕೂತವರು ಕೈಯಿಂದಲೇ ಅಂಕಿಯ ಹಲಗೆ ಸಿಕ್ಕಿಸುತ್ತಾರೆ. ಅದರ ಮುಂದೆ ನಾನು ತುಂಬಾ ಹೊತ್ತು ನಿಂತೆ. ಬೇಸ್‌ಬಾಲ್‌ನಲ್ಲಿ ಒಂದು ತಂಡಕ್ಕೆ ಬ್ಯಾಟ್ ಮಾಡಲು ಒಂಬತ್ತು ಸರದಿ, ಅಂದರೆ ಒಂಬತ್ತು ಇನಿಂಗ್ಸ್. 1950ರ ಆ ಗುರುವಾರ ರೆಡ್ ಸಾಕ್ಸ್ ಎರಡನೇ ಇನಿಂಗ್ಸ್‌ನಲ್ಲಿ 8, ಮೂರರಲ್ಲಿ 5, ನಾಲ್ಕರಲ್ಲಿ 7. ಪಂದ್ಯ ಅರ್ಧ ಮುಗಿಯುವ ಮೊದಲೇ 20 ರನ್. ಬಾಬಿ ಡೋರ್ ಮೂರು ಹೋಂ ರನ್ ಹೊಡೆದರು, ವಾಲ್ಟ್ ಡ್ರೋಪೊ ಎರಡು, ಟೆಡ್ ವಿಲಿಯಮ್ಸ್ ಎರಡು. ಅಲ್ ಜರಿಲ್ಲಾ ನಾಲ್ಕು ಡಬಲ್ (ಎರಡನೇ ಬೇಸ್ ತನಕ ಓಡಲು ಸಿಗುವ ಹೊಡೆತ) ಹೊಡೆದರು. ಇದನ್ನೆಲ್ಲ ನೋಡಿದವರು ಐದು ಸಾವಿರ ಚಿಲ್ಲರೆ ಜನ ಮಾತ್ರ.

ನನ್ನ ಮನಸ್ಸು ಹೋಗುವುದು ಬ್ರೌನ್ಸ್ ಕಡೆಗೆ. ಹಿಂದಿನ ದಿನ ತಾನೇ ಇದೇ ಮೈದಾನದಲ್ಲಿ 20-4ರಿಂದ ಸೋತಿದ್ದರು. ಟೆಸ್ಟ್ ಕ್ರಿಕೆಟ್ ಆಗಿದ್ದರೆ ನಾಯಕ ಡಿಕ್ಲೇರ್ ಮಾಡುತ್ತಿದ್ದ, ಅಲ್ವಾ? ಇಲ್ಲಿ ಆ ದಾರಿಯೇ ಇಲ್ಲ. ಎದುರಾಳಿ ಎಷ್ಟೇ ಹೊಡೆಯಲಿ, ಮೂವರನ್ನು ಔಟ್ ಮಾಡುವ ತನಕ ಆ ಸರದಿ ಮುಗಿಯಲ್ಲ. ಗಡಿಯಾರವೂ ಕಾಪಾಡಲ್ಲ. ತವರಿನ ತಂಡ ಮುಂದಿದ್ದರೆ ಒಂಬತ್ತನೇ ಸಲ ಬ್ಯಾಟ್ ಮಾಡಲ್ಲ, ಹಾಗಾಗಿ ಬ್ರೌನ್ಸ್‌ಗೆ 24 ಔಟ್ ಸಾಕಾಗಿತ್ತು. ಗೆಲ್ಲುವ ಆಸೆ ಪೂರ್ತಿ ಹೋದ ಮೇಲೂ ಅವರು ಒಂದೊಂದೇ ಔಟ್ ದುಡಿದು ತೆಗೆದರು. ಆ ಎಡಮೂಲೆಯಲ್ಲಿ ನಿಂತು ತಲೆಯ ಮೇಲೆ ಹಾರುವ ಚೆಂಡು ನೋಡುತ್ತಿದ್ದ ಫೀಲ್ಡರ್ ನನಗೆ ಡೋರ್‌ಗಿಂತ ಕಡಿಮೆಯವನಲ್ಲ.

ಗೈಡ್ ಬಲಗಡೆಯ ಗ್ಯಾಲರಿಯಲ್ಲಿ ಒಂಟಿ ಕೆಂಪು ಸೀಟು ತೋರಿಸಿದರು. 1946ರಲ್ಲಿ ಟೆಡ್ ವಿಲಿಯಮ್ಸ್ ಹೊಡೆದ 502 ಅಡಿ ದೂರದ ಹೋಂ ರನ್ ಬಿದ್ದ ಜಾಗ. ಎಲ್ಲರೂ ಫೋಟೊ ತೆಗೆದರು. 29-4ಕ್ಕೆ ಅಂತ ಮೈದಾನದಲ್ಲಿ ನನಗೆ ಯಾವ ಗುರುತೂ ಕಾಣಲಿಲ್ಲ. 1950ರಲ್ಲಿ ಸಾವಿರಕ್ಕೂ ಜಾಸ್ತಿ ರನ್ ಹೊಡೆದ ರೆಡ್ ಸಾಕ್ಸ್ ಕೊನೆಗೆ ಲೀಗ್‌ನಲ್ಲಿ ಮೂರನೇ ಸ್ಥಾನಕ್ಕೆ ನಿಂತಿತು.

ಬ್ರೌನ್ಸ್ ತಂಡ 1954ರಲ್ಲಿ ಬಾಲ್ಟಿಮೋರ್‌ಗೆ ಹೋಗಿ ಓರಿಯೋಲ್ಸ್ ಆಯಿತು. 2007ರ ಆಗಸ್ಟ್ 22ರಂದು ಟೆಕ್ಸಾಸ್ ರೇಂಜರ್ಸ್ ಅದೇ ಓರಿಯೋಲ್ಸ್ ಮೇಲೆ 30-3ರಿಂದ ಗೆದ್ದು, 1900ರ ನಂತರದ 29 ರನ್‌ಗಳ ದಾಖಲೆ ಮುರಿಯಿತು. ಮೊದಲ ಮೂರು ಇನಿಂಗ್ಸ್ ಮುಗಿದಾಗ ಮುಂದಿದ್ದದ್ದು ಬಾಲ್ಟಿಮೋರ್, 3-0! ಆ ದಿನ ಎರಡು ಪಂದ್ಯಗಳಿದ್ದವು. 30 ರನ್ ತಿಂದವರು ಮತ್ತೆ ಮೈದಾನಕ್ಕೆ ಇಳಿದರು, ಎರಡನೆಯದನ್ನು 9-7ರಿಂದ ಸೋತರು. ನಾನು ಮುಂದೆ ನೋಡಬೇಕಾದ ಮೈದಾನ ಅದೆಲ್ಲ ನಡೆದ ಬಾಲ್ಟಿಮೋರ್‌ನ ಕ್ಯಾಮ್ಡನ್ ಯಾರ್ಡ್ಸ್.