ವರ್ಜೀನಿಯಾದ ಚರ್ಚಿನ ಪುಸ್ತಕದಲ್ಲಿ ಜಮೀನಿನ ಚಕ್ಕುಬಂದಿ

ಅಮೆರಿಕದ ವರ್ಜೀನಿಯಾ ರಾಜ್ಯದ ರಾಜಧಾನಿ ರಿಚ್ಮಂಡಿನಿಂದ ಪೂರ್ವಕ್ಕೆ ಸ್ವಲ್ಪ ದೂರ ಹೋದರೆ ನ್ಯೂ ಕೆಂಟ್ ಕೌಂಟಿ. ಜಾರ್ಜ್ ವಾಷಿಂಗ್ಟನ್ನನ ಹೆಂಡತಿ ಮಾರ್ಥಾಳ ತವರು ಸೀಮೆ ಇದು. ಇಲ್ಲಿನ ಹಳೇ ಜಮೀನು ಯಾರದ್ದಿತ್ತು ಎಂದು ಕೋರ್ಟಿನ ದಾಖಲೆಯಲ್ಲಿ ಹುಡುಕಹೊರಟರೆ ಹೆಚ್ಚೇನೂ ಸಿಗುವುದಿಲ್ಲ. 1787ರಲ್ಲಿ ಜಾನ್ ಪ್ರೈಸ್ ಪೋಸಿ ಎಂಬವನು ಆ ದಾಖಲೆಗಳಿದ್ದ ಕ್ಲರ್ಕ್ ಕಚೇರಿಗೂ ಜೈಲಿಗೂ ಬೆಂಕಿ ಇಟ್ಟ. ಮರುವರ್ಷ ಅವನಿಗೆ ಗಲ್ಲಾಯಿತು. ಅಲ್ಲಿಂದಾಚೆ ಕೂಡಿಬಂದ ಕಾಗದಪತ್ರಗಳಲ್ಲಿ ಬಹುಪಾಲು 1865ರ ಏಪ್ರಿಲಿನಲ್ಲಿ, ಅಂತರ್ಯುದ್ಧದ ಕೊನೆಗೆ ರಿಚ್ಮಂಡ್ ಹೊತ್ತಿ ಉರಿದಾಗ ಹೋದವು.

ಉಳಿದದ್ದು ಸೇಂಟ್ ಪೀಟರ್ಸ್ ಪ್ಯಾರಿಷ್‌ನ ಪುಸ್ತಕಗಳು. ಪ್ಯಾರಿಷ್ ಎಂದರೆ ಒಂದು ಚರ್ಚಿನ ಆಡಳಿತಕ್ಕೆ ಸೇರಿದ ಸೀಮೆ. ಬ್ರಿಟಿಷರ ಕಾಲದ ವರ್ಜೀನಿಯಾದಲ್ಲಿ ಇಂಗ್ಲೆಂಡಿನ ಚರ್ಚೇ ಸರ್ಕಾರದ ಚರ್ಚು. ಬಡವರ ಖರ್ಚು, ತೆರಿಗೆ, ಜಮೀನಿನ ಗಡಿ ಎಲ್ಲ ವೆಸ್ಟ್ರಿ ಎಂಬ ಆಡಳಿತ ಮಂಡಳಿಯ ಕೈಯಲ್ಲಿತ್ತು. ಜನನ ಮರಣ ಬರೆಯುವ ರಿಜಿಸ್ಟರ್ ಬೇರೆ, ವೆಸ್ಟ್ರಿಯ ನಡಾವಳಿ ಪುಸ್ತಕ ಬೇರೆ. ಜಮೀನು ಹುಡುಕುವವರು ಮೊದಲು ನಡಾವಳಿಯನ್ನೇ ತೆರೆಯಬೇಕು.

1662ರ ಕಾನೂನಿನಿಂದ ಇಲ್ಲಿ ಪ್ರೊಸೆಷನಿಂಗ್ ಎಂಬ ಪದ್ಧತಿ ಶುರುವಾಯಿತು. ನಾಲ್ಕು ವರ್ಷಕ್ಕೊಮ್ಮೆ ವೆಸ್ಟ್ರಿಯವರು ಪ್ಯಾರಿಷ್ಷನ್ನು ಹೋಬಳಿಗಳಂತೆ ಭಾಗ ಮಾಡಿ, ಒಂದೊಂದಕ್ಕೂ ಇಬ್ಬರು ಭೂಮಾಲೀಕರನ್ನು ನೇಮಿಸುತ್ತಿದ್ದರು. ಅವರು ಅಕ್ಕಪಕ್ಕದ ಮಾಲೀಕರನ್ನು ಕರೆದುಕೊಂಡು ಗಡಿಯುದ್ದಕ್ಕೂ ನಡೆಯಬೇಕು, ಮರದ ತೊಗಟೆಗೆ ಕೊಡಲಿಯಿಂದ ಹಾಕಿದ ಗುರುತು ಮಾಸಿದ್ದರೆ ಹೊಸದಾಗಿ ಕೆತ್ತಬೇಕು. ಮುಂದೆ ಈ ನಡಿಗೆಯನ್ನು ಚಳಿಗಾಲಕ್ಕೆ ನಿಗದಿ ಮಾಡಿದರು. ಎಲೆ ಉದುರಿದ ಕಾಡಿನಲ್ಲಿ ಗುರುತು ಚೆನ್ನಾಗಿ ಕಾಣುತ್ತದೆ. ಮೂರು ಸಲ ತಕರಾರಿಲ್ಲದೆ ನಡೆದ ಗಡಿ ಖಾಯಂ.

ಪುಟ ತೆರೆದರೆ ಇಂಥವರ ಜಮೀನಿನ ಗಡಿ ನಡೆದೆವು, ಇಂಥವರು ಹಾಜರಿದ್ದರು ಎಂಬಷ್ಟೇ ಒಣ ಸಾಲುಗಳು. ಎಕರೆಯ ಲೆಕ್ಕ ಬಹಳ ಕಡೆ ಇರುವುದೇ ಇಲ್ಲ. ಆದರೆ ಒಂದು ಸುತ್ತಿನ ಪಟ್ಟಿಯ ಪಕ್ಕದಲ್ಲಿ ಮುಂದಿನ ಸುತ್ತಿನದನ್ನು ಇಟ್ಟು ನೋಡಿ. ಅಕ್ಕಪಕ್ಕದ ಹೆಸರುಗಳು ಹಾಗೇ ಇರುತ್ತವೆ, ನಡುವೆ ಒಂದು ಮಾತ್ರ ಬದಲು: ಗಂಡನ ಹೆಸರಿದ್ದಲ್ಲಿ ವಿಧವೆಯ ಹೆಸರು, ಅದರ ಮುಂದಿನ ಸಲ ಅನಾಥ ಮಕ್ಕಳ ಜಮೀನು ಎಂಬ ಒಕ್ಕಣೆ. ಸುಟ್ಟುಹೋದ ಉಯಿಲು ಹೇಳಬೇಕಿದ್ದ ಸಂಗತಿ ಅಲ್ಲಿ ಸಿಗುತ್ತದೆ.

ಮಾರ್ಥಾಳ ಮೊದಲ ಗಂಡ ಡೇನಿಯಲ್ ಪಾರ್ಕ್ ಕಸ್ಟಿಸ್ ಈ ಪ್ಯಾರಿಷ್‌ನ ವೆಸ್ಟ್ರಿಯಲ್ಲಿದ್ದವನು. ಪಮಂಕಿ ನದಿಯ ದಂಡೆಯಲ್ಲಿ ಅವನ ತೋಟ. 1757ರಲ್ಲಿ ಉಯಿಲು ಬರೆಯದೆ ತೀರಿಕೊಂಡ. ಅಂದಿನ ಕಾನೂನಿನಂತೆ ವಿಧವೆಗೆ ಮೂರರಲ್ಲೊಂದು ಪಾಲು, ಅದೂ ಜೀವ ಇರುವವರೆಗೆ ಮಾತ್ರ. ಉಳಿದ ಭೂಮಿ ಎಳೆ ಮಗನಿಗೆ. 1759ರಲ್ಲಿ ಮಾರ್ಥಾಳನ್ನು ಮದುವೆಯಾದ ವಾಷಿಂಗ್ಟನ್ ಆ ಪಾಲನ್ನೂ ನೋಡಿಕೊಂಡ. ಆ ಪಾಲಿನಲ್ಲಿ ಗುಲಾಮರೂ ಇದ್ದರು. ತನ್ನ ಉಯಿಲಿನಲ್ಲಿ ಸ್ವಂತ ಗುಲಾಮರ ಬಿಡುಗಡೆಗೆ ಬರೆದಿಟ್ಟ ವಾಷಿಂಗ್ಟನ್ನನಿಗೂ ಇವರನ್ನು ಬಿಡುಗಡೆ ಮಾಡುವ ಹಕ್ಕಿರಲಿಲ್ಲ. 1802ರಲ್ಲಿ ಮಾರ್ಥಾ ತೀರಿಕೊಂಡಾಗ ಅವರೆಲ್ಲ ಕಸ್ಟಿಸ್ ಮೊಮ್ಮಕ್ಕಳ ಪಾಲಾದರು.

ಈ ಹುಡುಕಾಟಕ್ಕೆ ನಾನು ಇಷ್ಟು ಬೆಲೆ ಕೊಡುವುದು ಆ ಗುಲಾಮರಿಗಾಗಿ. ರಿಜಿಸ್ಟರಿನಲ್ಲಿ ಗುಲಾಮರ ಮಕ್ಕಳ ಜನನವೂ ಇದೆ: ಮಗುವಿನ ಒಂದೇ ಹೆಸರು, ಹುಟ್ಟಿದ ದಿನ, ಒಡೆಯನ ಪೂರ್ತಿ ಹೆಸರು. ಮನೆತನದ ಹೆಸರಿಲ್ಲ. ಆ ಮಗುವಿನ ವಂಶದವರು ಇವತ್ತು ತಮ್ಮ ಮೂಲ ಹುಡುಕುತ್ತಾ ಬಂದರೆ ಹಿಡಿಯಲು ಸಿಗುವುದು ಒಡೆಯನ ಜಮೀನಿನ ಎಳೆ ಒಂದೇ. ತೋಟ ಯಾರ ಕೈಯಿಂದ ಯಾರ ಕೈಗೆ ಹೋಯಿತೆಂದು ಗೊತ್ತಾದರೆ, ಅಲ್ಲಿ ದುಡಿದವರನ್ನು ಯಾರು ಎಲ್ಲಿಗೆ ಕರೆದೊಯ್ದರು ಎಂದು ಊಹಿಸಲು ದಾರಿಯಾಗುತ್ತದೆ. ಒಡೆಯರ ಹಕ್ಕು ಕಾಯಲೆಂದು ಬರೆದ ಪುಸ್ತಕ ಇದು. ಇವತ್ತು ಅದರ ಅಗತ್ಯ ಹೆಚ್ಚಿರುವುದು ಒಡೆಯರ ವಂಶಕ್ಕಲ್ಲ.

ಅಮೆರಿಕದಲ್ಲಿ ನೆಲೆಸಿರುವ ತಮ್ಮ ಮಕ್ಕಳನ್ನು ನೋಡಲು ಬರುವವರು ರಿಚ್ಮಂಡಿನ ಬ್ರಾಡ್ ಸ್ಟ್ರೀಟಿನಲ್ಲಿರುವ ಲೈಬ್ರರಿ ಆಫ್ ವರ್ಜೀನಿಯಾಕ್ಕೆ ಒಮ್ಮೆ ಹೋಗಿ. ಸೇಂಟ್ ಪೀಟರ್ಸ್ ಪುಸ್ತಕಗಳು ಅಚ್ಚಾಗಿಯೂ ಬಂದಿವೆ, ಹಳೇ ಕೈಬರಹದೊಡನೆ ಗುದ್ದಾಡಬೇಕಿಲ್ಲ. ಒಂದು ಮಾತು ಮಾತ್ರ ನೆನಪಿರಲಿ: 1704ರಲ್ಲಿ ಇದೇ ಪ್ಯಾರಿಷ್‌ನಿಂದ ಸೇಂಟ್ ಪಾಲ್ಸ್ ಒಡೆದು ಬೇರೆಯಾಯಿತು, 1720ರಲ್ಲಿ ಅದು ಹ್ಯಾನೋವರ್ ಕೌಂಟಿಗೆ ಸೇರಿತು. ಕುಟುಂಬ ಕದಲದೆ ಅಲ್ಲೇ ಇದ್ದರೂ ಅದರ ದಾಖಲೆ ಇನ್ನೊಂದು ಪುಸ್ತಕಕ್ಕೆ ಹೋಗಿರುತ್ತದೆ.